ಹಳೆಯ ವಿದ್ಯುತ್ ಕಾರು ಮನೆಯಲ್ಲಿ ನಿಧಾನವಾಗಿ ಚಾರ್ಜ್ ಆಗುವುದೇಕೆ?

ವಿದ್ಯುತ್ ಕಾರು ಕೊಂಡು ನಾಲ್ಕೈದು ವರ್ಷ ಕಳೆದ ಕುಟುಂಬಗಳಲ್ಲಿ ಈಗ ಕೇಳಿಬರುವ ಮಾತೊಂದಿದೆ. ಮೊದಲು ರಾತ್ರಿ ಪ್ಲಗ್ ಹಾಕಿದರೆ ಬೆಳಗಿನ ಕಾಫಿಯ ವೇಳೆಗೆ ತುಂಬಿರುತ್ತಿತ್ತು, ಈಗ ಕಚೇರಿಗೆ ಹೊರಡುವ ಹೊತ್ತಾದರೂ ತುಂಬುವುದಿಲ್ಲ, ಬ್ಯಾಟರಿಗೆ ವಯಸ್ಸಾಯಿತು ಎಂಬುದು ಆ ಮಾತು. ಇದರ ಬೆನ್ನಿಗೇ ಕಾರನ್ನು ಸಿಕ್ಕ ಬೆಲೆಗೆ ಮಾರುವ ಯೋಚನೆ, ಇಲ್ಲವೇ ಲಕ್ಷಗಟ್ಟಲೆ ಬೆಲೆಯ ಹೊಸ ಬ್ಯಾಟರಿಯ ವಿಚಾರಣೆ ಆರಂಭವಾಗುತ್ತದೆ. ಆದರೆ ಮನೆಯ ಚಾರ್ಜಿಂಗ್‌ನ ಮಟ್ಟಿಗೆ ಬ್ಯಾಟರಿಯ ಮೇಲೆ ಹೊರಿಸುವ ಈ ಆರೋಪ ಬಹುಮಟ್ಟಿಗೆ ನಿಲ್ಲುವಂಥದಲ್ಲ.

ಈ ನಂಬಿಕೆ ಹುಟ್ಟಿದ್ದಕ್ಕೂ ಕಾರಣವಿಲ್ಲದಿಲ್ಲ. ಮನೆಯ ಇನ್ವರ್ಟರ್‌ಗಳಲ್ಲಿ ನಾವು ಕಂಡು ಬಲ್ಲ ಬ್ಯಾಟರಿ ಸೀಸ ಮತ್ತು ಆಮ್ಲದ್ದು. 2001ರಲ್ಲಿ ಬೆಂಗಳೂರಿನಲ್ಲಿ ಮಾರುಕಟ್ಟೆಗೆ ಬಂದ, ಕನ್ನಡಿಗರು ಹೆಮ್ಮೆಯಿಂದ ನೋಡಿದ ಆ ಪುಟ್ಟ ‘ರೇವಾ’ ಕಾರಿನಲ್ಲಿದ್ದದ್ದೂ ಅದೇ. ಅಂಥ ಬ್ಯಾಟರಿ ಹಳತಾದಾಗ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂತು ಒಳಗಿನ ಪ್ರತಿರೋಧ ಏರುತ್ತದೆ, ಚಾರ್ಜರ್ ಬೇಗನೆ ತನ್ನ ಕೈ ಬಿಗಿಹಿಡಿಯುತ್ತದೆ. ಇಂದಿನ ಲಿಥಿಯಂ ಬ್ಯಾಟರಿಯಲ್ಲಿಯೂ ವಯಸ್ಸಿನೊಂದಿಗೆ ಪ್ರತಿರೋಧ ಏರುವುದುಂಟು. ಅದು ಅಡ್ಡ ಬರುವುದು ಹೆದ್ದಾರಿಯ ವೇಗದ ಚಾರ್ಜರ್‌ನಲ್ಲಿ. ಅಲ್ಲಿ 50 ಕಿಲೋವಾಟ್ ಅಥವಾ ಅದಕ್ಕೂ ಹೆಚ್ಚು ಶಕ್ತಿ ಹರಿದರೆ, ನಮ್ಮ 15 ಆಂಪಿಯರ್ ಪ್ಲಗ್ಗಿನಿಂದ ಹರಿಯುವುದು ಕೇವಲ ಮೂರೂಕಾಲು. ದೊಡ್ಡ ಹಂಡೆಯ ಬಾಯಿ ತುಸು ಕಿರಿದಾದರೂ ಚೆಂಬಿನಿಂದ ನೀರು ಸುರಿಯುವವನಿಗೆ ಅದು ಗೊತ್ತಾಗುವುದಿಲ್ಲ.

ಲೆಕ್ಕ ಹಾಕಿದರೆ ಫಲ ತಿರುಗುಮುರುಗಾಗಿಯೇ ಬರುತ್ತದೆ. 2020ರ ಜನವರಿಯಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಬ್ಯಾಟರಿ 30.2 ಕಿಲೋವಾಟ್-ಗಂಟೆಯದು. ನಷ್ಟ ಕಳೆದು ತಾಸಿಗೆ ಸುಮಾರು 3 ಯೂನಿಟ್ ಒಳಸೇರಿದರೆ ಖಾಲಿಯಿಂದ ತುಂಬಲು ಹತ್ತು ತಾಸು ಬೇಕು. ಆ ಬ್ಯಾಟರಿ ವಯಸ್ಸಾಗಿ ಶೇಕಡಾ 15ರಷ್ಟು ಸಾಮರ್ಥ್ಯ ಕಳೆದುಕೊಂಡಿದೆಯೆನ್ನೋಣ. ಉಳಿದ 25.7 ಯೂನಿಟ್ ತುಂಬಲು ಎಂಟೂವರೆ ತಾಸು ಸಾಕು. ಹೆಚ್ಚು ತಾಸು ಹಿಡಿಯುತ್ತಿದೆಯೆಂದರೆ ಕಳ್ಳ ಬೇರೆಲ್ಲೋ ಇದ್ದಾನೆ.

ಮೊದಲು ನೋಡಬೇಕಾದದ್ದು ಗೋಡೆಯ ಸಾಕೆಟ್ಟನ್ನು. ಗೀಸರ್ ಅರ್ಧ ತಾಸು ಉರಿದು ಆರುತ್ತದೆ, ಇಸ್ತ್ರಿಪೆಟ್ಟಿಗೆ ಆಗಾಗ ವಿಶ್ರಮಿಸುತ್ತದೆ. ಕಾರು ಮಾತ್ರ ಇಡೀ ರಾತ್ರಿ ಬಿಡುವಿಲ್ಲದೆ 15 ಆಂಪಿಯರ್ ಎಳೆಯುತ್ತದೆ. ದಿನವೂ ಪ್ಲಗ್ ಹಾಕಿ ತೆಗೆದು ಒಳಗಿನ ಹಿತ್ತಾಳೆಯ ಹಿಡಿತ ಸಡಿಲವಾದಾಗ ಅಲ್ಲೊಂದು ಸಣ್ಣ ಪ್ರತಿರೋಧ ಹುಟ್ಟುತ್ತದೆ. ಅದು 0.2 ಓಮ್ ಮಾತ್ರವೇ ಇದ್ದರೂ 15ನ್ನು 15ರಿಂದ ಗುಣಿಸಿ 0.2ರಿಂದ ಗುಣಿಸಿದರೆ 45 ವಾಟ್ ಶಾಖವಾಯಿತು. ಹಳೆಯ ಕಾಲದ 40 ವಾಟಿನ ಬಲ್ಬೊಂದನ್ನು ಪ್ಲಾಸ್ಟಿಕ್ ಪೆಟ್ಟಿಗೆಯೊಳಗಿಟ್ಟು ರಾತ್ರಿಯಿಡೀ ಉರಿಸಿದಂತೆ! ಹಲವು ಚಾರ್ಜಿಂಗ್ ಕೇಬಲ್‌ಗಳ ಪ್ಲಗ್ಗಿನಲ್ಲಿ ಶಾಖವನ್ನು ಅಳೆಯುವ ಏರ್ಪಾಡಿರುತ್ತದೆ. ಬಿಸಿಯೇರಿದೊಡನೆ ಅದು ಆಂಪಿಯರ್ ಇಳಿಸುತ್ತದೆ, ನಾವು ಕಾರು ಮುದಿಯಾಯಿತೆನ್ನುತ್ತೇವೆ. ಆ ಏರ್ಪಾಡು ಇಲ್ಲದ ಕೇಬಲ್ ನಿಧಾನವಾಗುವುದೇ ಇಲ್ಲ, ಸಾಕೆಟ್ಟೇ ಕರಗುತ್ತದೆ. ಹತ್ತಾರು ವಾಹನ ನಿಲ್ಲುವ ನೆಲಮಾಳಿಗೆಯಲ್ಲಿ ಇದು ಒಬ್ಬರ ಮನೆಯ ಸಮಸ್ಯೆಯಾಗಿ ಉಳಿಯದು. ಪ್ಲಗ್ಗಿನ ಸುತ್ತ ಕಂದುಬಣ್ಣ ಕಂಡರೆ, ಸುಟ್ಟ ವಾಸನೆ ಬಂದರೆ, ಆ ರಾತ್ರಿಯೇ ಚಾರ್ಜಿಂಗ್ ನಿಲ್ಲಿಸಿ ಬಲ್ಲ ಎಲೆಕ್ಟ್ರಿಷಿಯನ್‌ರಿಂದ ಸಾಕೆಟ್ ಬದಲಿಸಬೇಕು.

ಮಹಾನಗರದ ವಸತಿ ಸಂಕೀರ್ಣಗಳಲ್ಲಿ ಎರಡನೆಯ ಸಂಶಯಾಸ್ಪದ ವ್ಯಕ್ತಿ ತಂತಿ. ಮೀಟರ್ ಕೋಣೆಯಿಂದ ಕಾರು ನಿಲ್ಲುವ ಜಾಗಕ್ಕೆ 40 ಮೀಟರ್ ಇದ್ದು, 2.5 ಚದರ ಮಿಲಿಮೀಟರಿನ ತಾಮ್ರದ ತಂತಿ ಎಳೆದಿದ್ದರೆ, ಹೋಗಿಬರುವ ದಾರಿಯ ಪ್ರತಿರೋಧ ಸುಮಾರು 0.6 ಓಮ್. ಅದರಿಂದ 9 ವೋಲ್ಟ್ ದಾರಿಯಲ್ಲೇ ಸೋರುತ್ತದೆ, ಎಂಟು ತಾಸಿನಲ್ಲಿ ಒಂದು ಯೂನಿಟ್ಟಿಗೂ ಮಿಕ್ಕಿ ವಿದ್ಯುತ್ತು ಗೋಡೆಯನ್ನು ಬೆಚ್ಚಗಾಗಿಸುವುದಕ್ಕೇ ಖರ್ಚಾಗುತ್ತದೆ. ಅದಕ್ಕೂ ಮಿಗಿಲಾಗಿ, ಬೇಸಿಗೆಯ ರಾತ್ರಿ ಎಲ್ಲ ಮನೆಗಳ ಎ.ಸಿ.ಗಳೂ ಓಡುವಾಗ 230 ವೋಲ್ಟ್ 200ಕ್ಕೆ ಇಳಿದರೆ, 15 ಆಂಪಿಯರಿನಲ್ಲಿ 3450 ವಾಟ್ ಇದ್ದದ್ದು 3000 ಆಗುತ್ತದೆ. ಅದೇ ಸೆಕೆಯಲ್ಲಿ ಕಾರು ತನ್ನ ಬ್ಯಾಟರಿಯನ್ನು ತಂಪಾಗಿಡಲು ಒಂದಂಶವನ್ನು ತಾನೇ ಬಳಸಿಕೊಳ್ಳುತ್ತದೆ. ಕಾರು ಕೊಂಡಾಗ ಕಟ್ಟಡದಲ್ಲಿ ಒಂದೇ ವಿದ್ಯುತ್ ಕಾರಿದ್ದು ಈಗ ಎಂಟಾಗಿದ್ದರಂತೂ ಹೇಳಬೇಕಾದ್ದೇ ಇಲ್ಲ.

ಇವೆರಡೂ ನಿರ್ದೋಷಿಗಳೆಂದಾದ ಮೇಲೆ ಕಾರಿನೊಳಗಿನ ಚಾರ್ಜರ್‌ನ ಸರದಿ. ಮನೆಯಿಂದ ಬರುವ ಎ.ಸಿ. ವಿದ್ಯುತ್ತನ್ನು ಡಿ.ಸಿ.ಯಾಗಿ ಬದಲಿಸುವುದು ಅದೇ. ಶಾಖಕ್ಕೆ ಅದರ ಕೆಪಾಸಿಟರ್‌ಗಳು ಸವೆಯುತ್ತವೆ. ತಂಪುದ್ರವ ಕಡಿಮೆಯಾದರೆ, ಪಂಪು ದುರ್ಬಲವಾದರೆ ಅದು ತನ್ನನ್ನು ಕಾಪಾಡಿಕೊಳ್ಳಲು ವೇಗ ತಗ್ಗಿಸುತ್ತದೆ. ಇದು ಬಿಡಿಭಾಗವಾಗಿ ಬದಲಿಸಬಹುದಾದದ್ದು, ಬ್ಯಾಟರಿಯಷ್ಟು ದುಬಾರಿಯಲ್ಲ.

ಸರ್ವೀಸ್ ಕೇಂದ್ರಕ್ಕೆ ಹೋಗುವ ಮುನ್ನ ಮನೆಯಲ್ಲೇ ಮಾಡಬಹುದಾದ ಪರೀಕ್ಷೆಯೊಂದಿದೆ. ಬ್ಯಾಂಕಿನವರಾದ ನಮಗೆ ಎರಡು ಪುಸ್ತಕಗಳ ಬಾಕಿ ತಾಳೆ ನೋಡುವುದು ಹಳೆಯ ಅಭ್ಯಾಸ, ಇಲ್ಲಿಯೂ ಅದೇ. ಬ್ಯಾಟರಿ ಶೇಕಡಾ 30ರಿಂದ 70ರ ನಡುವೆ ಇರುವಾಗ ಒಂದು ತಾಸಿನ ಆರಂಭ ಹಾಗೂ ಅಂತ್ಯದಲ್ಲಿ ಕಾರಿನ ಶೇಕಡಾವಾರನ್ನೂ ಮೀಟರ್ ಅಂಕಿಯನ್ನೂ ಬರೆದಿಡಬೇಕು. ಮೂರೂಕಾಲು ಯೂನಿಟ್ಟಿನ ಜಾಗದಲ್ಲಿ ಒಂದೂವರೆ, ಎರಡು ಮಾತ್ರ ಓಡಿದ್ದರೆ ಯಾವುದೋ ಭಾಗ ಆಂಪಿಯರ್ ತಗ್ಗಿಸಿದೆ. ಕಾರಿನ ತೆರೆಯಲ್ಲೋ ಕೇಬಲ್ಲಿನಲ್ಲೋ ಯಾರಾದರೂ ಕಡಿಮೆ ಆಂಪಿಯರ್ ಆಯ್ದಿಟ್ಟಿದ್ದಾರೆಯೇ ಎಂಬುದನ್ನೂ ಆಗ ನೋಡಬೇಕು, ಎಷ್ಟೋ ವೇಳೆ ಕಥೆ ಅಲ್ಲಿಗೇ ಮುಗಿಯುತ್ತದೆ. ಮೀಟರ್ ಸರಿಯಾಗಿ ಓಡಿಯೂ ಶೇಕಡಾವಾರು ಏರದಿದ್ದರೆ ನಷ್ಟ ಕಾರಿನ ಬಳಿಯಲ್ಲೋ ತಂತಿಯಲ್ಲೋ ಇದೆ. ನಡುವೆ ಚೆನ್ನಾಗಿ ಏರಿ ಕೊನೆಯ ನಾಲ್ಕೈದು ಅಂಶಕ್ಕೆ ತಾಸುಗಟ್ಟಲೆ ಹಿಡಿದರೆ ಮಾತ್ರ ಬ್ಯಾಟರಿಯತ್ತ ಬೊಟ್ಟು ಮಾಡಬಹುದು. ಒಳಗಿನ ಕೋಶಗಳು ಸಮತೋಲ ತಪ್ಪಿ, ಮೊದಲು ತುಂಬಿದ್ದು ಉಳಿದವಕ್ಕಾಗಿ ಕಾಯುತ್ತಿರುವ ಲಕ್ಷಣವದು.

ನಾಲ್ಕಾರು ವಾರಗಳ ಇಂಥ ಬರಹ ವಾರಂಟಿಯ ವಿಷಯದಲ್ಲಿಯೂ ಉಪಯುಕ್ತ. ಮೇಲೆ ಹೇಳಿದ ಕಾರಿನ ಬ್ಯಾಟರಿಗೆ 8 ವರ್ಷ ಅಥವಾ 1,60,000 ಕಿಲೋಮೀಟರ್‌ಗಳ ವಾರಂಟಿಯಿತ್ತು. 2020ರಲ್ಲಿ ಕೊಂಡವರಿಗೆ ಅದು, ಹೆಚ್ಚು ಓಡಿಸದಿದ್ದರೂ, 2028ಕ್ಕೆ ಮುಗಿಯುತ್ತದೆ.