ಹಳೆ ಕಂಪ್ಯೂಟರ್‌ಗೆ ಲಿನಕ್ಸ್ ಹಾಕಿಸ್ತೀರಾ? ಮೊದಲು ‘ರೇಡ್’ ಇದೆಯಾ ನೋಡಿ

ಬಳ್ಳಾರಿ: ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಅಪ್‌ಡೇಟ್‌ಗೆ ನೋಂದಾಯಿಸಿದ ಮನೆಬಳಕೆಯವರಿಗೂ ಅದು 2026ರ ಅಕ್ಟೋಬರ್ 13ರವರೆಗೆ ಮಾತ್ರ. ನಗರದ ಜೀನ್ಸ್ ಘಟಕ ಇರಲಿ, ಸಿರುಗುಪ್ಪದ ರೈಸ್ ಮಿಲ್ ಇರಲಿ, ಕುರುಗೋಡಿನ ಗೊಬ್ಬರದಂಗಡಿ ಇರಲಿ, ಹಳೆ ಯಂತ್ರಕ್ಕೆ ವಿಂಡೋಸ್ 11 ಹಾಕೋಕೆ ಆಗದವರಿಗೆ ಒಂದು ದಾರಿ ಇದೆ: ಟ್ಯಾಲಿಗೆ ವಿಂಡೋಸ್ ಇಟ್ಟುಕೊಂಡು, ಇಂಟರ್ನೆಟ್ ಕೆಲಸಕ್ಕೆ ಪಕ್ಕದಲ್ಲೇ ಲಿನಕ್ಸ್ ಹಾಕಿಸೋದು.

ಒಂದೇ ಡಿಸ್ಕ್ ಇರುವ ಸಾದಾ ಕಂಪ್ಯೂಟರ್‌ನಲ್ಲಿ ಇದು ದೊಡ್ಡ ಕೆಲಸವಲ್ಲ. ಪೇಚಾಟ ಶುರುವಾಗೋದು ಬಯಾಸ್‌ನಲ್ಲಿ ಡಿಸ್ಕ್ ‘ರೇಡ್’ ಮೋಡ್‌ನಲ್ಲಿದ್ದಾಗ. ಉಬುಂಟು ಹಾಕೋಕೆ ಹೋದ್ರೆ ‘ಆರ್‌ಎಸ್‌ಟಿ ಆಫ್ ಮಾಡಿ’ ಅಂತ ಸಂದೇಶ ಬರಬಹುದು. ಅದನ್ನ ನೋಡಿದ ತಕ್ಷಣ ಬಯಾಸ್‌ಗೆ ಹೋಗಿ ಎಎಚ್‌ಸಿಐ ಅಂತ ಬದಲಿಸಿಬಿಟ್ರೆ ವಿಂಡೋಸ್ ನೀಲಿ ಪರದೆ ತೋರಿಸಿ ನಿಂತು ಬಿಡುತ್ತೆ.

ಹಾಗಾಗಿ ಮೊದಲು ತಿಳ್ಕೋಬೇಕಾದ್ದು, ರೇಡ್ ಹೆಸರಿಗಷ್ಟೇ ಇದೆಯೋ, ನಿಜವಾಗ್ಲೂ ಇದೆಯೋ ಅನ್ನೋದು. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಡಿಸ್ಕ್ ಒಂದೇ ಇದ್ರೂ ಕಂಪನಿಯವರೇ ರೇಡ್ ಮೋಡ್ ಇಟ್ಟಿರ್ತಾರೆ. ಎರಡು ಡಿಸ್ಕ್ ಇದ್ರೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆದು ನೋಡಿ. ಒಳಗೆ 1 ಟಿಬಿಯ ಎರಡು ಡಿಸ್ಕ್ ಇದ್ದು, ಅಲ್ಲಿ ಸುಮಾರು 931 ಜಿಬಿಯ ಒಂದೇ ಡಿಸ್ಕ್ ಕಂಡ್ರೆ ಅದು ರೇಡ್ 1. ಅಂದ್ರೆ ಒಂದರ ನಕಲು ಇನ್ನೊಂದರಲ್ಲಿ. ಸುಮಾರು 1,862 ಜಿಬಿಯ ಒಂದೇ ಡಿಸ್ಕ್ ಕಂಡ್ರೆ ರೇಡ್ 0. ಇದರಲ್ಲಿ ಡೇಟಾ ಎರಡು ಡಿಸ್ಕ್‌ಗೆ ಹಂಚಿಹೋಗಿರುತ್ತೆ, ಜೋಡಿ ಬಿಚ್ಚಿದ್ರೆ ಯಾವುದೂ ಓದೋಕೆ ಬರಲ್ಲ.

ಹೆಸರಿಗಷ್ಟೇ ರೇಡ್ ಇದ್ರೆ ಉಪಾಯ ಇದೆ. ವಿಂಡೋಸ್‌ನ ಎಂಎಸ್‌ಕಾನ್ಫಿಗ್‌ನಲ್ಲಿ ‘ಸೇಫ್ ಬೂಟ್’ ಟಿಕ್ ಮಾಡಿ, ರೀಸ್ಟಾರ್ಟ್ ಆಗುವಾಗ ಬಯಾಸ್‌ನಲ್ಲಿ ಎಎಚ್‌ಸಿಐಗೆ ಬದಲಿಸಿ. ವಿಂಡೋಸ್ ಸೇಫ್ ಮೋಡ್‌ನಲ್ಲಿ ತೆರೆದ ಮೇಲೆ ಟಿಕ್ ತೆಗೆದ್ರೆ ಆಯ್ತು. ಪಿನ್ ಅಲ್ಲಿ ನಡೆಯದೇ ಇರಬಹುದು, ಪಾಸ್‌ವರ್ಡ್ ಗೊತ್ತಿರಲಿ. ಬಿಟ್‌ಲಾಕರ್ ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಮೊದಲೇ ಬರೆದಿಟ್ಟುಕೊಳ್ಳಿ. ಅದಿಲ್ಲದೆ ಬಯಾಸ್ ಮುಟ್ಟೋದೇ ಬೇಡ.

ನಿಜವಾದ ರೇಡ್ ಇದ್ರೆ ಬಯಾಸ್ ಹಾಗೇ ಬಿಟ್ಟುಬಿಡಿ. ಲಿನಕ್ಸ್‌ಗೆ ಎಂಡಿಎಡಿಎಂ ಮೂಲಕ ಇಂಟೆಲ್ ರೇಡ್ ಓದೋಕೆ ಬರುತ್ತೆ ನಿಜ, ಆದ್ರೆ ಅಂಗಡಿ ಲೆಕ್ಕ ಇರೋ ಯಂತ್ರದಲ್ಲಿ ಆ ಪ್ರಯೋಗ ಯಾಕೆ? ಯುಎಸ್‌ಬಿ ಎಸ್‌ಎಸ್‌ಡಿ ಒಂದನ್ನ ತಂದು, ರೇಡ್ ಇಲ್ಲದ ಬೇರೆ ಕಂಪ್ಯೂಟರ್‌ನಲ್ಲಿ ಅದರ ಮೇಲೇ ಲಿನಕ್ಸ್ ಹಾಕಿಸಿ. ಬೂಟ್‌ಲೋಡರ್ ಕೂಡ ಅದೇ ಎಸ್‌ಎಸ್‌ಡಿಗೆ ಹೋಗಬೇಕು. ಆಮೇಲೆ ಇಲ್ಲಿಗೆ ಸಿಕ್ಕಿಸಿ ಬೂಟ್ ಮೆನುವಿನಿಂದ ತೆರೆದ್ರೆ ಸಾಕು.

‘ನಮ್ದು ರೇಡ್ 1, ಬ್ಯಾಕಪ್ ಇದ್ದಂಗೇ’ ಅನ್ನೋ ಮಾತು ನಂಬಬೇಡಿ. ತಪ್ಪಾಗಿ ಅಳಿಸಿದ್ದು ಎರಡೂ ಡಿಸ್ಕ್‌ನಲ್ಲಿ ಒಟ್ಟಿಗೇ ಅಳಿದುಹೋಗುತ್ತೆ. ಟ್ಯಾಲಿ ಡೇಟಾ ಮತ್ತು ಜಿಎಸ್‌ಟಿ ಫೈಲ್‌ಗಳನ್ನ ಹೊರಗಿನ ಡಿಸ್ಕ್‌ಗೆ ತೆಗೆದು, ಅಲ್ಲಿಂದ ಒಂದನ್ನಾದ್ರೂ ತೆರೆದು ನೋಡಿದ ಮೇಲೇ ಕೆಲಸ ಶುರು ಮಾಡಿಸಿ.

ಕನ್ನಡ ಟೈಪಿಂಗ್ ಚಿಂತೆ ಬೇಡ. ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ಕಗಪ ವಿನ್ಯಾಸ ಇದೆ. ಹಳೆ ನುಡಿ ಫಾಂಟ್‌ನ ಪತ್ರಗಳನ್ನ ಮಾತ್ರ ವಿಂಡೋಸ್‌ನಲ್ಲೇ ಯೂನಿಕೋಡ್‌ಗೆ ಬದಲಿಸಿಟ್ಟುಕೊಂಡ್ರೆ ಒಳ್ಳೇದು.