ತೋಳಿನ ಮೇಲೊಂದು ಬಿಲ್ಲೆ

ಬೆಳಗ್ಗೆ ಏಳಕ್ಕೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಡಬೇಕು. ಎದುರಿನ ಹೋಟೆಲಿನಲ್ಲಿ ಎರಡು ಇಡ್ಲಿ ತಿಂದು, ಗಡಿಯಾರ ನೋಡುತ್ತ ಕೂತು, ಎರಡು ಗಂಟೆ ಕಳೆದ ಮೇಲೆ ಮತ್ತೆ ತೋಳು ಚಾಚಬೇಕು. ಶುಗರ್ ಇರುವವರಿಗೆಲ್ಲ ಪರಿಚಿತವಾದ ದಿನಚರಿ ಇದು. ಪರೀಕ್ಷೆಯ ಹಿಂದಿನ ನಾಲ್ಕು ದಿನ ಸಿಹಿ ಬಿಟ್ಟು ‘ಪಾಸಾಗುವ’ ಜಾಣರೂ ಉಂಟು. ಸುಮಾರು ಮೂರು ತಿಂಗಳ ಸರಾಸರಿ ಹೇಳುವ ಎಚ್‌ಬಿಎ1ಸಿ ಎದುರು ಆ ಜಾಣತನ ನಡೆಯದು ನಿಜ. ಆದರೆ ಹಗಲು 250ಕ್ಕೆ ಏರಿ ರಾತ್ರಿ 60ಕ್ಕೆ ಕುಸಿಯುವವರೂ ಸದಾ 150ರ ಆಸುಪಾಸಿನಲ್ಲೇ ಇರುವವರೂ ಆ ಸರಾಸರಿಯ ಕಣ್ಣಿಗೆ ಒಂದೇ ಥರ ಕಂಡುಬಿಡಬಹುದು.

ಈ ಏರಿಳಿತವನ್ನು ಕಾಣಿಸುವುದೇ ನಿರಂತರ ಗ್ಲೂಕೋಸ್ ಮಾಪಕದ, ಅಂದರೆ ಸಿಜಿಎಂನ ಕೆಲಸ. ನಾಣ್ಯಕ್ಕಿಂತ ತುಸು ದೊಡ್ಡ ಬಿಲ್ಲೆಯೊಂದನ್ನು ತೋಳಿನ ಹಿಂಬದಿಗೆ ಒತ್ತಿದರೆ ‘ಟಕ್’ ಎಂದು ಅಂಟಿಕೊಳ್ಳುತ್ತದೆ. ಅದರಡಿಯ ತೆಳ್ಳನೆಯ ಎಳೆ ಚರ್ಮದೊಳಗೆ ಕೆಲವೇ ಮಿಲಿಮೀಟರ್ ಇಳಿದು, ಜೀವಕೋಶಗಳ ನಡುವಿನ ದ್ರವದಲ್ಲಿ ನಿಲ್ಲುತ್ತದೆ. ಎಳೆಗೆ ಲೇಪಿಸಿದ ಕಿಣ್ವ ಗ್ಲೂಕೋಸಿನೊಂದಿಗೆ ವರ್ತಿಸಿದಾಗ ಹುಟ್ಟುವ ಅತಿಸಣ್ಣ ವಿದ್ಯುತ್ತೇ ಅಂಕಿಯಾಗಿ ಮೊಬೈಲಿಗೆ ಬರುತ್ತದೆ. ಒಂದರಿಂದ ಐದು ನಿಮಿಷಕ್ಕೊಮ್ಮೆ, ಹಗಲೂ ರಾತ್ರಿ, ಸಾಮಾನ್ಯವಾಗಿ 10ರಿಂದ 15 ದಿನ.

1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ಮೊದಲ ಸಾಧನ ಮೂರು ದಿನವಷ್ಟೇ ಓಡುತ್ತಿತ್ತು. ಧರಿಸಿದವರಿಗೆ ಅಂಕಿ ಕಾಣುತ್ತಲೂ ಇರಲಿಲ್ಲ, ಆಮೇಲೆ ವೈದ್ಯರೇ ತೆಗೆದು ನೋಡಬೇಕಿತ್ತು. 2018ರ ಹೊತ್ತಿಗೆ ಟೈಪ್ 1 ಮಧುಮೇಹವಿರುವ ಬ್ರಿಟನ್ ಪ್ರಧಾನಿ ತೆರೇಸಾ ಮೇ ಅವರ ತೋಳಿನ ಬಿಳಿ ಬಿಲ್ಲೆ ಪತ್ರಿಕೆಗಳ ಫೋಟೋಗಳಲ್ಲಿ ರಾಜಾರೋಷವಾಗಿ ಕಾಣಿಸಿಕೊಂಡಿತ್ತು.

ಅಂಕಿಗಿಂತ ಅದರ ಪಕ್ಕದ ಬಾಣ ಮುಖ್ಯ. ಪರದೆಯಲ್ಲಿ 110 ಇದ್ದು ಬಾಣ ಅಡ್ಡಲಾಗಿದ್ದರೆ ನಿಶ್ಚಿಂತೆ. ಅದೇ 110ರ ಪಕ್ಕದ ಬಾಣ ನೇರ ಕೆಳಗೆ ತಿರುಗಿದ್ದರೆ, ಇನ್ಸುಲಿನ್ ತೆಗೆದುಕೊಳ್ಳುವವರು ಸ್ಟೀರಿಂಗ್ ಹಿಡಿಯುವ ಹೊತ್ತಲ್ಲ ಅದು. ನಡುರಾತ್ರಿ ಶುಗರ್ 70ಕ್ಕಿಂತ ಕೆಳಗಿಳಿದರೆ ಅಲಾರಾಂ ಕೂಗಿ ಮನೆಮಂದಿಯನ್ನೂ ಎಬ್ಬಿಸಬಲ್ಲದು. ಹೆಚ್ಚಿನ ಮಧುಮೇಹಿಗಳಿಗೆ ವೈದ್ಯರು ಹೇಳುವ ಗುರಿ: ದಿನದ ಶೇ. 70ಕ್ಕಿಂತ ಹೆಚ್ಚು ಹೊತ್ತು, ಅಂದರೆ ಸುಮಾರು 17 ಗಂಟೆ, 70ರಿಂದ 180ರೊಳಗೆ ಇರಬೇಕು.

ಅಡುಗೆಮನೆಯ ನಂಬಿಕೆಗಳಿಗೂ ಇಲ್ಲಿ ಪರೀಕ್ಷೆ ಆಗಿಹೋಗುತ್ತದೆ. ಅನ್ನ ಬಿಟ್ಟು ಮುದ್ದೆ ಹಿಡಿದರೆ ಶುಗರ್ ಏರುವುದೇ ಇಲ್ಲ ಎಂದುಕೊಂಡವರಿಗೆ ಪರದೆಯ ಮೇಲಿನ ಏರಿಳಿತದ ಗೆರೆ ಬೇರೆಯದೇ ಹೇಳುತ್ತದೆ: ಮುದ್ದೆಯೂ ಪಿಷ್ಟವೇ, ಗಾತ್ರ ಹಿಗ್ಗಿದಂತೆ ಗೆರೆಯೂ ಏರುತ್ತದೆ. ಮೊದಲು ಪಲ್ಯ, ಬೇಳೆ ತಿಂದು ಆಮೇಲೆ ಅನ್ನಕ್ಕೆ ಕೈ ಹಾಕಿದರೆ, ಉಂಡ ಮೇಲೆ ಹದಿನೈದು ನಿಮಿಷ ನಡೆದರೆ ಆ ಏರು ಸಾಮಾನ್ಯವಾಗಿ ತಗ್ಗುತ್ತದೆ. ಏನೂ ತಿನ್ನದೆ ಮಲಗಿದವರ ಶುಗರ್ ಕೂಡ ನಸುಕಿನಲ್ಲಿ ಹಾರ್ಮೋನುಗಳ ಪ್ರಭಾವಕ್ಕೆ ಏರುವುದುಂಟು.

ಯಂತ್ರ ಹೇಳಿದ್ದೆಲ್ಲ ವೇದವಾಕ್ಯವಲ್ಲ. ಅದು ಅಳೆಯುವುದು ರಕ್ತವನ್ನಲ್ಲವಾದ್ದರಿಂದ ಐದು-ಹತ್ತು ನಿಮಿಷ ಹಿಂದೆ ಬೀಳುತ್ತದೆ. ಬಿಲ್ಲೆಯಿರುವ ತೋಳಿನ ಮೇಲೆ ಮಗ್ಗುಲಾದರೆ ಇಲ್ಲದ ಲೋ ಶುಗರ್ ತೋರಿಸುತ್ತದೆ. ಮೊದಲ ದಿನದ ಅಂಕಿಗಳು ಅಷ್ಟು ನಿಖರವಲ್ಲ. ಕೈ ನಡುಗಿ ಬೆವರು ಕಿತ್ತುಬರುತ್ತಿದ್ದರೂ ಪರದೆ ‘ಎಲ್ಲ ಸರಿ’ ಎನ್ನುತ್ತಿದ್ದರೆ ಬೆರಳು ಚುಚ್ಚಿ ನೋಡುವುದೇ ಸೈ. ಗೆರೆ ಏರಿತೆಂದು ಇನ್ಸುಲಿನ್ ಪ್ರಮಾಣವನ್ನು ತಾವೇ ಏರಿಸಿಕೊಳ್ಳುವುದಂತೂ ಅಪಾಯ.

2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ಭಾರತದಲ್ಲಿ ಮಧುಮೇಹಿಗಳು ಸುಮಾರು 10.1 ಕೋಟಿ. ಒಂದೊಂದು ಬಿಲ್ಲೆಗೂ ಸಾವಿರಗಟ್ಟಲೆ ರೂಪಾಯಿ ತೆರಬೇಕಾದಲ್ಲಿ ವರ್ಷವಿಡೀ ಧರಿಸುವುದು ಎಲ್ಲರ ಕೈಗೆಟುಕುವ ಮಾತಲ್ಲ. ಇನ್ಸುಲಿನ್ ಅವಲಂಬಿಸಿದವರಿಗೆ ಇದರ ಪ್ರಯೋಜನ ಹೆಚ್ಚು. ಮಾತ್ರೆಯಲ್ಲೇ ಇರುವ ಕೆಲವರಿಗೆ ವೈದ್ಯರು ಎರಡು ವಾರದ ಒಂದೇ ಬಿಲ್ಲೆ ಹಾಕಿಸುತ್ತಾರೆ. ಆ ಹದಿನಾಲ್ಕು ದಿನಗಳ ಗೆರೆಗಳನ್ನು ಒಂದರ ಮೇಲೊಂದಿಟ್ಟು ಮುದ್ರಿಸಿದ ಹಾಳೆಯಲ್ಲಿ ದಿನದಿನವೂ ಹನ್ನೊಂದು ಗಂಟೆಗೆ ಒಂದು ಗುಡ್ಡ ಎದ್ದಿದ್ದರೆ, ವೈದ್ಯರ ಬೆರಳು ನೇರ ಅಲ್ಲಿಗೇ ಹೋಗುತ್ತದೆ. ಆಫೀಸಿನ ಕಾಫಿ, ಜೊತೆಗಿನ ನಾಲ್ಕು ಬಿಸ್ಕತ್ತು ಆಗ ನೆನಪಾಗುತ್ತವೆ.