ಬಾಸ್‌ಗೆ ಮೇಲ್: ‘ಸರ್’ ಎಷ್ಟು ಸಲ, ವಿಷಯ ಎಷ್ಟನೇ ಸಾಲಿನಲ್ಲಿ?

ಕಳೆದ ವಾರ ಸಂಪಾಜೆಯಿಂದ ಚಿಕ್ಕಮ್ಮನ ಮಗ ಫೋನ್ ಮಾಡಿದ್ದ. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯಲ್ಲಿ ಮೊದಲ ಕೆಲಸ, ಸದ್ಯಕ್ಕೆ ಮನೆಯಿಂದಲೇ. “ಅಣ್ಣ, ನಮ್ಮ ಮ್ಯಾನೇಜರ್‌ಗಿಂತಲೂ ಮೇಲಿನವರಿಗೆ ಮೇಲ್ ಹಾಕ್ಲಿಕ್ಕುಂಟು. ‘ರೆಸ್ಪೆಕ್ಟೆಡ್ ಸರ್’ ಅಂತ ಬರೆದರೆ ಟೀಮ್‌ನವರು ನಗ್ತಾರೆ. ಬರೀ ಹೆಸರು ಹಾಕುವ ಅಂದರೆ ಅವರಿಗೆ ಅಪ್ಪನಷ್ಟು ಪ್ರಾಯ. ಎಂತ ಮಾಡುದು?”

ಮೇಲ್ ಎಂತದ್ದು ಅಂತ ಕೇಳಿದೆ. ಮುಂದಿನ ವಾರ ಕೊಡಬೇಕಾದ ಕೆಲಸ ಆ ದಿನಕ್ಕೆ ಮುಗಿಯುವುದಿಲ್ಲ, ಅದನ್ನು ತಿಳಿಸಬೇಕಿತ್ತು. ಕರಡು ಕಳಿಸಿದ. ನಾಲ್ಕು ‘ಸರ್’, ಎರಡು ‘ಸಾರಿ’. ತಡವಾಗುತ್ತದೆ ಎಂಬ ಮಾತು ಇದ್ದದ್ದು ಎಂಟನೇ ಸಾಲಿನಲ್ಲಿ.

ನಗುವ ಮೊದಲು, ಇದು ಯಾಕೆ ಹೀಗಾಗುತ್ತದೆ ಅಂತ ನೋಡೋಣ.

ಇಂಗ್ಲಿಷಿನಲ್ಲಿ ‘ನೀವು’ ಇಲ್ಲ

ಕನ್ನಡದಲ್ಲಿ ಗೌರವ ಇರುವುದು ವ್ಯಾಕರಣದಲ್ಲೇ. ನೀನು, ನೀವು, ತಾವು, ಬಾ, ಬನ್ನಿ. ತುಳುವಿನಲ್ಲಿ ಈ, ಈರ್. ಅದರ ಮೇಲೆ, ನಮ್ಮ ಕಡೆ ಹಿರಿಯರನ್ನು ಹೆಸರು ಹಿಡಿದು ಕರೆಯುವ ಕ್ರಮವೇ ಇಲ್ಲ. ಮಾಸ್ಟ್ರು, ಡಾಕ್ಟ್ರು, ಗೌಡ್ರು, ಭಟ್ರು, ಅದೂ ಅಲ್ಲದಿದ್ದರೆ ಅಣ್ಣ, ಅಕ್ಕ. ಇಂಥ ಮನೆಯಿಂದ ಬಂದವನು ಇಂಗ್ಲಿಷಿನಲ್ಲಿ ಬರೆಯಲು ಕೂತರೆ ಕೈಗೆ ಸಿಗುವುದು ಒಂದೇ ‘ಯು’. ಅದು ನಾಯಿಮರಿಗೂ ಸಲ್ಲುತ್ತದೆ, ಪ್ರಧಾನಿಗೂ ಸಲ್ಲುತ್ತದೆ. ಕಳೆದುಹೋದ ಆ ‘ನೀವು’ವನ್ನು ತುಂಬಿಕೊಡಲು ಅವನು ಸಾಲಿಗೊಂದು ‘ಸರ್’ ಸೇರಿಸುತ್ತಾನೆ. ಅದು ಗುಲಾಮಗಿರಿ ಅಲ್ಲ, ಅನುವಾದ.

ಆದರೆ ‘ತಮ್ಮ ವಿಧೇಯ’ದ ಕಥೆ ಬೇರೆ. ಅದು ಬಂದದ್ದು ಕಚೇರಿಯಿಂದ. 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆ ಆಗುವವರೆಗೆ ಸಂಪಾಜೆಯ ಈಚೆಗಿನ ದಕ್ಷಿಣ ಕನ್ನಡ ಮದ್ರಾಸಿಗೆ ಸೇರಿತ್ತು, ಗಡಿ ದಾಟಿದರೆ ಕೊಡಗಿನದ್ದು ಪ್ರತ್ಯೇಕ ಆಡಳಿತ. ಬ್ರಿಟಿಷರ ಕಾಲದ ಮದ್ರಾಸಿನ ಸರಕಾರಿ ಪತ್ರಗಳಲ್ಲಿ ಭಾರತೀಯ ಅಧಿಕಾರಿಯ ಹೆಸರಿನ ಮೊದಲು ‘ಮಹಾರಾಜ ರಾಜಶ್ರೀ’ಯ ಹ್ರಸ್ವರೂಪ, ಕೊನೆಗೆ ‘ಅವರ್ಗಳ್’. ಇಂಗ್ಲಿಷ್ ಪತ್ರದ ಅಡಿಯಲ್ಲಿ ‘ತಮ್ಮ ಅತ್ಯಂತ ವಿಧೇಯ ಸೇವಕ’ ಎಂಬ ಸಹಿ. ಶಾಲೆಯಲ್ಲಿ ನಾವು ಬಾಯಿಪಾಠ ಮಾಡಿದ ರಜಾ ಅರ್ಜಿ ಆ ಪತ್ರಗಳ ಮೊಮ್ಮಗು.

ಬದಲಾವಣೆ ಶುರುವಾದದ್ದು ಕುರ್ಚಿಯಿಂದ

ಈ ಭಾರ ಇಳಿಸುವ ಪ್ರಯತ್ನಗಳೂ ನಡೆದಿವೆ. 2006ರಲ್ಲಿ ಭಾರತೀಯ ವಕೀಲರ ಪರಿಷತ್ತು ‘ಮೈ ಲಾರ್ಡ್’ ಬದಲು ‘ಯುವರ್ ಆನರ್’ ಸಾಕು ಎಂದಿತು. ವಕೀಲರ ಬಾಯಿಂದ ‘ಲಾರ್ಡ್’ ಹೋಗಲಿಲ್ಲ. 2012ರಲ್ಲಿ ರಾಷ್ಟ್ರಪತಿ ಪ್ರಣಬ್ ಮುಖರ್ಜಿ ದೇಶದೊಳಗಿನ ಕಾರ್ಯಕ್ರಮಗಳಲ್ಲಿ ತಮಗೆ ‘ಹಿಸ್ ಎಕ್ಸಲೆನ್ಸಿ’ ಬೇಡ ಎಂದರು. 2021ರಲ್ಲಿ ನಮ್ಮ ಹೈಕೋರ್ಟಿನ ನ್ಯಾಯಮೂರ್ತಿ ಪಿ. ಕೃಷ್ಣ ಭಟ್ ತಮ್ಮನ್ನು ‘ಸರ್’ ಎಂದರೆ ಸಾಕು ಎಂದು ವಕೀಲರಲ್ಲಿ ವಿನಂತಿಸಿದರು. ಕೆಲವೇ ವಾರಗಳಲ್ಲಿ ನ್ಯಾಯಮೂರ್ತಿ ಜ್ಯೋತಿ ಮುಲಿಮನಿ ‘ಮ್ಯಾಮ್’ ಸಾಕು ಎಂದರು.

ಅದೇ ವರ್ಷ ಕೇರಳದ ಪಾಲಕ್ಕಾಡ್ ಜಿಲ್ಲೆಯ ಮಾತ್ತೂರು ಗ್ರಾಮ ಪಂಚಾಯತ್ ಇನ್ನೂ ಮುಂದೆ ಹೋಯಿತು. ತನ್ನ ಕಚೇರಿಯಲ್ಲಿ ‘ಸರ್’, ‘ಮೇಡಂ’ ಎರಡನ್ನೂ ಕೈಬಿಟ್ಟಿತು. ಅರ್ಜಿಯಲ್ಲಿ ಜನರು ‘ಬೇಡಿಕೊಳ್ಳುತ್ತೇನೆ’ ಎನ್ನಬೇಕಿಲ್ಲ, ಹಕ್ಕಿನಿಂದ ಕೇಳಬಹುದು ಎಂದು ನಿರ್ಣಯಿಸಿತು. ನನಗೆ ದೊಡ್ಡದಾಗಿ ಕಾಣುವುದು ಈ ಎರಡನೆಯ ಬದಲಾವಣೆ. ‘ಸರ್’ ಹೋಗಿ ‘ಕೃಪೆ ತೋರಿ’ ಉಳಿದರೆ ಏನು ಬದಲಾದ ಹಾಗಾಯಿತು?

ಗಮನಿಸಿ: ಈ ಎಲ್ಲ ಕಡೆ ‘ಇಷ್ಟು ಸಾಕು’ ಎಂದು ಹೇಳಿದ್ದು ಅಧಿಕಾರ ಇದ್ದವರು. ಕೆಳಗಿರುವವನು ತಾನಾಗಿ ‘ಸರ್’ ಬಿಟ್ಟರೆ ಅದು ಅಹಂಕಾರ ಅನಿಸಿಕೊಳ್ಳಬಹುದು. ಹಾಗಾಗಿ ಬಾಸ್ ಆದವರೇ, ಹೊಸಬನ ‘ರೆಸ್ಪೆಕ್ಟೆಡ್ ಸರ್’ ನೋಡಿ ನಗಬೇಡಿ. ನಿಮ್ಮನ್ನು ಹೇಗೆ ಕರೆಯಬೇಕು ಅಂತ ಮೊದಲ ದಿನವೇ ಹೇಳಿಬಿಡಿ.

ಅತಿವಿನಯದ ಖರ್ಚು ನನಗೂ ಗೊತ್ತು. ನನ್ನ ಮೊದಲ ಕೆಲಸದಲ್ಲಿ ಒಂದು ದೋಷ ಕಣ್ಣಿಗೆ ಬಿತ್ತು. ‘ತೊಂದರೆ ಕೊಟ್ಟದ್ದಕ್ಕೆ ಕ್ಷಮಿಸಿ, ನನ್ನದೇ ತಪ್ಪಿರಬಹುದು’ ಅಂತ ಸುತ್ತಿ ಬಳಸಿ ಬರೆದೆ. ಬಾಸ್ ಮೊಬೈಲಿನಲ್ಲಿ ಮೊದಲ ಮೂರು ಸಾಲು ಓದಿ ಬಿಟ್ಟರು. ಮುಂದಿನ ವಾರ ಆ ದೋಷ ಗ್ರಾಹಕರಿಗೇ ಸಿಕ್ಕಿತು. “ಯಾಕೆ ಮೊದಲೇ ಹೇಳಲಿಲ್ಲ?” ಎಂದು ಕೇಳಿದರು. ಹೇಳಿದ್ದೆ, ಹನ್ನೊಂದನೇ ಸಾಲಿನಲ್ಲಿ.

ಹಾಗಾದರೆ ಹೇಗೆ ಬರೆಯುವುದು?

ಖಾಸಗಿ ಕಂಪನಿ ಆದರೆ, ಬಾಸ್ ತಮ್ಮ ಮೇಲ್ ಕೊನೆಯಲ್ಲಿ ಏನೆಂದು ಸಹಿ ಹಾಕುತ್ತಾರೆ ನೋಡಿ. ಬರೀ ಹೆಸರಿದ್ದರೆ, ಆ ಹೆಸರಿನಿಂದ ಕರೆಯಲು ಅನುಮತಿ ಸಿಕ್ಕಿತು ಅಂತಲೇ ಲೆಕ್ಕ. ಗೊತ್ತಾಗದಿದ್ದರೆ ಟೀಮ್‌ನ ಹಳಬರನ್ನು ಅನುಸರಿಸಿ. ಸಂಶಯ ಉಳಿದರೆ ಮೊದಲ ಮೇಲ್ ಸ್ವಲ್ಪ ಔಪಚಾರಿಕವಾಗಿಯೇ ಇರಲಿ, ಉತ್ತರ ಬಂದ ಧಾಟಿ ನೋಡಿ ಸಡಿಲಿಸಿ.

ಸರಕಾರಿ ಕಚೇರಿ, ಕಾಲೇಜು, ಬ್ಯಾಂಕ್ ಆದರೆ ‘ಮಾನ್ಯರೇ’ ಒಂದು ಸಲ, ಕೊನೆಗೆ ‘ವಂದನೆಗಳೊಂದಿಗೆ’. ‘ಮಾನ್ಯರೇ’ ಗಂಡಸರಿಗೂ ಹೆಂಗಸರಿಗೂ ಸಲ್ಲುತ್ತದೆ. ಆ ಕಡೆ ಇರುವವರು ಗಂಡೋ ಹೆಣ್ಣೋ ತಿಳಿಯದೆ ‘ಸರ್’ ಎಂದು ಎಡವಟ್ಟು ಮಾಡಿಕೊಳ್ಳುವ ಕಷ್ಟ ಕನ್ನಡಕ್ಕಿಲ್ಲ.

ಎಲ್ಲಿಗೇ ಬರೆಯಿರಿ, ಗೌರವ ಮೊದಲ ಸಾಲಿಗೆ, ವಿಷಯ ಎರಡನೇ ಸಾಲಿಗೆ. ನಿಯಮದ ಪ್ರಕಾರ ನಿಮಗೆ ಬರಬೇಕಾದ ರಜೆಯನ್ನು ಕೇಳಿ, ಬೇಡಬೇಡಿ.

ತಮ್ಮನ ಮೇಲ್ ಕೊನೆಗೆ ಐದು ಸಾಲಾಯಿತು. ‘ಹಲೋ’, ಹೆಸರು, ಮರುಸಾಲಿನಲ್ಲೇ ‘ಈ ಕೆಲಸಕ್ಕೆ ಇನ್ನೂ ನಾಲ್ಕು ದಿನ ಬೇಕು’, ಆಮೇಲೆ ಕಾರಣ. ರಾತ್ರಿ ಉತ್ತರ ಬಂತಂತೆ: ‘ಮೊದಲೇ ತಿಳಿಸಿದ್ದು ಒಳ್ಳೆಯದಾಯಿತು’. ಕೆಳಗೆ ಬರೀ ಹೆಸರು.

“ಇನ್ನು ‘ಸರ್’ ಬೇಡ ಅಲ್ವಾ ಅಣ್ಣ?” ಅಂತ ಕೇಳಿದ. ಫೋನಲ್ಲಿ ಮಾತಾಡುವಾಗ ಬಾಯಿಗೆ ಬಂದರೆ ಬರಲಿ ಬಿಡು, ಎಂದೆ.